ಕಡ್ಡಿ ನೆಟ್ಟು ಬೆಳೆಸಿದ ಎಲ್ಮ್ ಬೋನ್ಸಾಯ್: ಗಿಡ ಸೊರಗಿದಾಗ ಮೊದಲು ಎಲ್ಲಿ ನೋಡಬೇಕು

ಜುಲೈ ತಿಂಗಳು. ವಾರ್ಜೆಯಲ್ಲಿರುವ ಪರಿಚಯದ ಹುಡುಗನೊಬ್ಬ ಫೋನ್ ಮಾಡಿದ. ಧಾರವಾಡದ ಕಡೆಯವನು, ಕೆಲಸಕ್ಕೆ ಅಂತ ಪುಣೆಗೆ ಬಂದವನು.

“ಅಕ್ಕಾರ, ಎಲ್ಮ್ ಕಡ್ಡಿ ಚಿಗುರಿ ಚಲೋ ಎಲಿ ಬಿಟ್ಟಿದ್ವು ನೋಡ್ರಿ. ನಿನ್ನಿಯಿಂದ ಎಲ್ಲಾ ಜೋತು ಬಿದ್ದಾವ. ಸ್ವಲ್ಪ ಗೊಬ್ಬರ ಹಾಕ್ಲ್ಯಾ?”

“ಗೊಬ್ಬರ ಬ್ಯಾಡಪ್ಪ. ಒಂದ ಕಡ್ಡಿ ಮೆಲ್ಲಕ ಎತ್ತು. ಬುಡದಾಗ ಏನೈತಿ ಹೇಳು.”

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ಏನೂ ಇಲ್ರಿ. ಒಂದೂ ಬೇರಿಲ್ಲ.”

ಎಲ್ಮ್ ಅಂದರೆ ಕುಂಡದಲ್ಲಿ ಪುಟ್ಟ ಮರವಾಗಿ, ಅಂದರೆ ಬೋನ್ಸಾಯ್ ಆಗಿ, ಬೆಳೆಸುವ ಒಂದು ಮರ. ಅದನ್ನು ಬೆಳೆಸುವವರಿಗೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಹೀಗೇ. ಕಣ್ಣು ಎಲೆಯ ಮೇಲೆ ಇರುತ್ತದೆ, ತೊಂದರೆ ಮಣ್ಣಿನ ಕೆಳಗೆ ಇರುತ್ತದೆ. ಎಲೆ ಬಾಡಿದ ಕೂಡಲೇ ಏನಾದರೂ ಹಾಕಬೇಕು ಅನ್ನಿಸುತ್ತದೆ. ಗೊಬ್ಬರ, ಔಷಧಿ, ಇನ್ನೊಂದು ಚೊಂಬು ನೀರು. ಹಾಕುವ ಮೊದಲು ನೋಡಬೇಕು. ಪುಣೆಯ ಕೋಥರೂಡಿನ ನಮ್ಮ ಟೆರೇಸಿನಲ್ಲಿ ಹತ್ತು ವರ್ಷಕ್ಕಿಂತ ಜಾಸ್ತಿ ಎಲ್ಮ್ ಬೆಳೆಸಿ, ಕೆಲವನ್ನು ಕಳೆದುಕೊಂಡು, ನಾನು ನೋಡುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಯಾರೇ ಕೇಳಿದರೂ ನಾನು ಮೊದಲು ಮೂರು ಪ್ರಶ್ನೆ ಕೇಳುತ್ತೇನೆ. ಕೆಟ್ಟಿರುವುದು ಹಳೆಯ ಎಲೆಯೋ ಹೊಸ ಎಲೆಯೋ? ಒಂದೆರಡು ದಿನದಲ್ಲಿ ಆಯಿತೋ, ತಿಂಗಳಿಂದ ನಿಧಾನಕ್ಕೆ ಆಗುತ್ತಾ ಬಂತೋ? ಹೋದ ಹದಿನೈದು ದಿನದಲ್ಲಿ ನೀವು ಏನು ಬದಲಾಯಿಸಿದಿರಿ? ಈ ಮೂರನೆಯ ಪ್ರಶ್ನೆಗೆ “ಏನೂ ಇಲ್ಲ” ಅನ್ನುವ ಉತ್ತರ ಬಂದರೆ ಇನ್ನೊಮ್ಮೆ ಕೇಳಿ. ಕುಂಡವನ್ನು ಎರಡು ಅಡಿ ಆಚೆ ಸರಿಸಿದ್ದೂ ಬದಲಾವಣೆಯೇ.

ಇದು ಎಲ್ಮ್ ಹೌದಾ?

ನಾವು ಬೋನ್ಸಾಯ್‌ಗೆ ಬೆಳೆಸುವುದು ಹೆಚ್ಚಾಗಿ ಚೈನೀಸ್ ಎಲ್ಮ್. ಸಣ್ಣ ಎಲೆ, ಅಂಚಿನಲ್ಲಿ ಗರಗಸದ ಹಲ್ಲು, ಕಡ್ಡಿಯ ಮೇಲೆ ಒಂದು ಎಡಕ್ಕೆ ಒಂದು ಬಲಕ್ಕೆ ಬರುವ ಎಲೆಗಳು. ಎಲೆಯ ಬುಡ ನೋಡಿ. ತೊಟ್ಟಿಗೆ ಕೂಡುವ ಜಾಗದಲ್ಲಿ ಎರಡೂ ಕಡೆ ಸಮ ಇರುವುದಿಲ್ಲ, ಒಂದು ಕಡೆ ಸ್ವಲ್ಪ ಕೆಳಗಿರುತ್ತದೆ. ಎಲ್ಮ್‌ಗಳಿಗೆ ಇದು ಒಳ್ಳೆಯ ಗುರುತು.

ನರ್ಸರಿಗಳಲ್ಲಿ ಹೆಸರು ಅದಲುಬದಲಾಗುವುದುಂಟು. ಎಲೆ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಾ, ಮೇಲೆ ಸಣ್ಣ ಬಿಳಿ ಚುಕ್ಕೆ ಇದ್ದು, ಪುಟ್ಟ ಬಿಳಿ ಹೂ ಬಿಟ್ಟರೆ ಅದು ಫುಕಿಯನ್ ಟೀ ಅನ್ನುವ ಬೇರೆಯೇ ಗಿಡ. ಅದಕ್ಕೆ ಪುಣೆಯ ಡಿಸೆಂಬರ್ ಚಳಿ ಆಗಿಬರುವುದಿಲ್ಲ, ಎಲ್ಮ್‌ಗೆ ಆಗುತ್ತದೆ. ಇನ್ನು ಇಂಡಿಯನ್ ಎಲ್ಮ್ ಅಂತ ಕೊಟ್ಟರೆ ಅದು ನಮ್ಮ ತಪಸಿ ಮರ. ಮರಾಠಿಯವರು ವಾವಳಾ ಅನ್ನುತ್ತಾರೆ. ಕಾಗದದಂಥ ರೆಕ್ಕೆ ಇರುವ ಚಪ್ಪಟೆ ಬೀಜ ಬೇಸಿಗೆಯಲ್ಲಿ ಗಾಳಿಗೆ ಹಾರುತ್ತಿರುತ್ತದಲ್ಲ, ಅದೇ ಮರ. ಎಲ್ಮ್ ಬಳಗದ್ದೇ, ಆದರೆ ಎಲೆ ದೊಡ್ಡದು. ಅದರಲ್ಲಿ ಎಲೆ ಸಣ್ಣದಾಗುತ್ತಿಲ್ಲ ಅಂದರೆ ದೋಷ ನಿಮ್ಮದೂ ಅಲ್ಲ, ಗಿಡದ್ದೂ ಅಲ್ಲ.

ಕಡ್ಡಿ ಚಿಗುರಿತು, ಆಮೇಲೆ ಬಾಡಿತು

ಚಿಗುರು ಬಂತು ಅಂದರೆ ಬೇರು ಬಂತು ಅಂತ ಅರ್ಥ ಅಲ್ಲ. ಕಡ್ಡಿಯೊಳಗೆ ಕೂಡಿಟ್ಟ ಆಹಾರ ಇರುತ್ತದೆ, ಮೊಗ್ಗು ಅದನ್ನೇ ತಿಂದು ಒಡೆಯುತ್ತದೆ. ಮಳೆಗಾಲದ ಗಾಳಿಯಲ್ಲಿ ತೇವ ಜಾಸ್ತಿ, ಹಾಗಾಗಿ ಬೇರಿಲ್ಲದ ಎಲೆಯೂ ಎರಡು ಮೂರು ವಾರ ಹಸಿರಾಗಿಯೇ ನಿಲ್ಲುತ್ತದೆ. ನಡುವೆ ಒಂದು ದಿನ ಮೋಡ ಸರಿದು ಬಿಸಿಲು ಬಂತೋ, ಅಥವಾ ತೇವ ಉಳಿಯಲಿ ಅಂತ ಮೇಲೆ ಮುಚ್ಚಿದ ಪ್ಲಾಸ್ಟಿಕ್ ಚೀಲ ತೆಗೆದಿರೋ, ಮಧ್ಯಾಹ್ನದೊಳಗೆ ಜೋತು ಬೀಳುತ್ತದೆ. ಆ ಹುಡುಗನಿಗೆ ಆದದ್ದು ಇದೇ. ಐದು ಎಲೆ ನೋಡಿ ಖುಷಿಯಾಗಿ ಚೀಲ ತೆಗೆದಿದ್ದ.

ಐದಾರು ಕಡ್ಡಿ ನೆಟ್ಟಿದ್ದರೆ ಒಂದನ್ನು ಪರೀಕ್ಷೆಗೆ ಅಂತ ಬಿಟ್ಟುಕೊಡಿ. ಅದನ್ನು ಎತ್ತಿ ಬುಡವನ್ನು ನೀರಿನಲ್ಲಿ ಅದ್ದಿ ತೊಳೆದು, ಬೆಳಕಿಗೆ ಹಿಡಿದು ನೋಡಿ.

ಕತ್ತರಿಸಿದ ಅಂಚಿನ ಸುತ್ತ ತೊಗಟೆಗೂ ಕಟ್ಟಿಗೆಗೂ ನಡುವೆ ಬೆಳ್ಳಗೆ ಗಂಟುಗಂಟಾಗಿ ಉಬ್ಬಿದ್ದರೆ, ರವೆ ಅಂಟಿಸಿದ ಹಾಗೆ ಕಾಣಿಸಿದರೆ, ಗಿಡ ಸರಿಯಾದ ದಾರಿಯಲ್ಲಿದೆ. ಗಾಯ ಮಾಯುತ್ತಿದೆ, ಬೇರು ಇನ್ನೂ ಹೊರಟಿಲ್ಲ. ಮತ್ತೆ ನೆಟ್ಟು, ಚೀಲ ಮುಚ್ಚಿ, ನೆರಳಲ್ಲಿಟ್ಟು ಕಾಯಿರಿ. ಎಲ್ಮ್‌ಗೆ ಬೇರು ಬರಲು ಸಾಮಾನ್ಯವಾಗಿ 4ರಿಂದ 8 ವಾರ ಬೇಕು. ಎಲೆ ಜಾಸ್ತಿ ಇದ್ದರೆ ಎರಡು ಬಿಟ್ಟು ಉಳಿದದ್ದನ್ನು ಚಿವುಟಿ.

ಬುಡ ಕಪ್ಪಾಗಿ, ಉಗುರು ಒತ್ತಿದರೆ ತೊಗಟೆ ಜಾರಿ ಬಂದರೆ ಅದು ಕೊಳೆತಿದೆ. ನೀರು ಜಾಸ್ತಿ, ಗಾಳಿ ಕಮ್ಮಿ. ತೋಟದ ಎರೆಮಣ್ಣಿನಲ್ಲಿ ನೆಟ್ಟವರಿಗೆ ಇದು ಖಂಡಿತ ಆಗುತ್ತದೆ. ಪುಣೆಯ ಸುತ್ತಲಿನ ಕಪ್ಪು ಮಣ್ಣು ಹೊಲಕ್ಕೆ ಬಂಗಾರ, ಕಡ್ಡಿಗೆ ಅಲ್ಲ. ಒದ್ದೆಯಾದರೆ ಅಂಟು, ಒಣಗಿದರೆ ಕಲ್ಲು. ದಪ್ಪ ಮರಳು, ಅಥವಾ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಪರ್ಲೈಟ್ (ಹಗುರವಾದ ಬಿಳಿ ಹರಳು) ಸಮ ಪ್ರಮಾಣದಲ್ಲಿ ಕಲಸಿದ್ದು ಸಾಕು. ಗೊಬ್ಬರ ಬೇಡವೇ ಬೇಡ. ಬೇರೇ ಇಲ್ಲ, ಗೊಬ್ಬರ ಯಾರಿಗೆ?

ಮೂರನೆಯದು, ತೊಗಟೆ ಮುದುಡಿ ಒಣಗಿರುವುದು. ಏಪ್ರಿಲ್, ಮೇ ತಿಂಗಳಲ್ಲಿ ನೆಟ್ಟ ಕಡ್ಡಿಗೆ ಹೀಗಾಗುತ್ತದೆ. ಆಗ ಇಲ್ಲಿ ಬಿಸಿಲು 38 ಡಿಗ್ರಿ ದಾಟುತ್ತದೆ, ಗಾಳಿ ಒಣ. ನನ್ನ ಅನುಭವದಲ್ಲಿ ಪುಣೆಗೆ ಎರಡೇ ಕಾಲ ಒಳ್ಳೆಯದು. ಫೆಬ್ರವರಿಯಲ್ಲಿ ಮೊಗ್ಗು ಉಬ್ಬುವಾಗ, ಇಲ್ಲವೇ ಜೂನ್ ಕೊನೆಯಲ್ಲಿ ಮಳೆ ಹಿಡಿದ ಮೇಲೆ.

ಕಡ್ಡಿಯ ಆಯ್ಕೆಯಲ್ಲೂ ತಪ್ಪಿರಬಹುದು. ತುದಿಯ ಎಳೆ ಹಸಿರು ಕಡ್ಡಿ ಬೇಗ ಕೊಳೆಯುತ್ತದೆ. ಪೆನ್ಸಿಲ್ ದಪ್ಪದ, ಅರ್ಧ ಬಲಿತ, 10ರಿಂದ 12 ಸೆಂಟಿಮೀಟರ್ ಉದ್ದದ ಕಡ್ಡಿ ಬೇಕು. ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಬೇರು ಬರಿಸುವ ರೂಟಿಂಗ್ ಪೌಡರ್‌ನಲ್ಲಿ ಅದ್ದಿ ನೆಡಿ. ಹಳೆಯ ಡಬ್ಬದ ಪೌಡರ್ ಕೆಲಸ ಮಾಡದೇ ಇರಬಹುದು, ತಾರೀಖು ನೋಡಿ. ಬುಡವನ್ನು ಓರೆಯಾಗಿ, ತುದಿಯನ್ನು ನೇರವಾಗಿ ಕತ್ತರಿಸುವ ಅಭ್ಯಾಸ ಇಟ್ಟುಕೊಳ್ಳಿ. ಎಲೆ ಎಲ್ಲ ತೆಗೆದ ಮೇಲೆ ಯಾವುದು ಮೇಲು ಯಾವುದು ಕೆಳಗು ಗೊತ್ತಾಗದೆ ತಲೆಕೆಳಗಾಗಿ ನೆಟ್ಟವರನ್ನು ನೋಡಿದ್ದೇನೆ.

ಬೇರು ಬಂದದ್ದು ತಿಳಿಯಲು ಸುಲಭದ ದಾರಿ ಅಂದರೆ ತಳಕ್ಕೆ ತೂತು ಮಾಡಿದ ಪಾರದರ್ಶಕ ಪ್ಲಾಸ್ಟಿಕ್ ಲೋಟದಲ್ಲಿ ನೆಡುವುದು. ಬೇರು ಗೋಡೆಗೆ ತಾಗಿದ್ದು ಕಾಣುತ್ತದೆ. ಆಮೇಲೂ ಚೀಲ ಒಮ್ಮೆಗೇ ತೆಗೆಯಬೇಡಿ. ಮೊದಲ ದಿನ ಒಂದು ತೂತು, ಮರುದಿನ ಇನ್ನೆರಡು, ಹೀಗೆ ಎಂಟು ಹತ್ತು ದಿನದಲ್ಲಿ ಹೊರಗಿನ ಗಾಳಿಗೆ ಒಗ್ಗಿಸಿ.

ಎಲೆ ಹಳದಿ

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದು, ಎಲ್ಲಕ್ಕಿಂತ ಹೆಚ್ಚು ತಪ್ಪು ಉತ್ತರ ಸಿಗುವುದೂ ಇದಕ್ಕೇ.

ತಿಂಗಳು ಡಿಸೆಂಬರ್ ಅಥವಾ ಜನವರಿಯೇ? ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ, ರಾತ್ರಿ ಚಳಿ ಹತ್ತು ಹನ್ನೆರಡು ಡಿಗ್ರಿಗೆ ಇಳಿಯುತ್ತದೆ. ಚೈನೀಸ್ ಎಲ್ಮ್ ಆಗ ಒಂದಿಷ್ಟು ಎಲೆ ಹಳದಿ ಮಾಡಿ ಉದುರಿಸುತ್ತದೆ. ಅದು ರೋಗ ಅಲ್ಲ. ಮುಂಬೈಯ ಗಿಡ ಉದುರಿಸುವುದು ಕಮ್ಮಿ, ಅಲ್ಲಿ ಅಂಥ ಚಳಿ ಎಲ್ಲಿ? ಮುಂಬೈ ಹತ್ತಿರದ ಡೊಂಬಿವಿಲಿಯ ಗೆಳತಿಯ ಗಿಡ ಹಸಿರಾಗಿದೆ, ನಿಮ್ಮದು ಬೋಳಾಗಿದೆ ಅಂತ ಗಾಬರಿಯಾಗಬೇಡಿ. ನೀರು ಸ್ವಲ್ಪ ಕಮ್ಮಿ ಮಾಡಿ, ಅಷ್ಟೇ.

ಬೇರೆ ತಿಂಗಳಾದರೆ ಮಣ್ಣು ನೋಡಿ. ನನ್ನ ಹತ್ತಿರ ಇದಕ್ಕೊಂದು ಸಾಧನ ಇದೆ. ದೇವರ ಮುಂದೆ ಉರಿದು ಉಳಿದ ಊದಿನಕಡ್ಡಿಯ ಬಿದಿರು ತುಂಡು. ಕುಂಡದ ಅಂಚಿನಲ್ಲಿ ತಳದವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆಯಿರಿ. ಕೆನ್ನೆಗೆ ತಾಗಿಸಿ. ತಳದವರೆಗೆ ಒಣಗಿದ್ದರೆ ನೀರು ಸಾಲುತ್ತಿಲ್ಲ. ನೀರು ಹಾಕಿ ಒಂದು ದಿನ ಕಳೆದರೂ ಪೂರ್ತಿ ಕಪ್ಪಾಗಿ ಒದ್ದೆ ಬಂದರೆ ಬೇರು ಉಸಿರಾಡುತ್ತಿಲ್ಲ. ಆಮೇಲೆ ಮೂಸಿ ನೋಡಿ. ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಚಿಂತೆ ಇಲ್ಲ. ಚರಂಡಿ ವಾಸನೆ ಬಂದರೆ ಅವತ್ತೇ ಗಿಡ ಹೊರಗೆ ತೆಗೆಯಬೇಕು.

ಕೊಳೆತ ಬೇರಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಎಳೆಯಿರಿ. ಮೇಲಿನ ಸಿಪ್ಪೆ ಕಳಚಿ ಕೈಗೆ ಬರುತ್ತದೆ, ಒಳಗೆ ನೂಲಿನಂಥ ಎಳೆ ಮಾತ್ರ ಉಳಿಯುತ್ತದೆ. ಒಳ್ಳೆಯ ಬೇರು ಹಾಗೆ ಬಿಟ್ಟುಕೊಡುವುದಿಲ್ಲ. ಸಿಪ್ಪೆ ಕಳಚುವುದನ್ನೆಲ್ಲ ಕತ್ತರಿಸಿ, ತೊಳೆದು, ಒರಟು ಮಿಶ್ರಣಕ್ಕೆ ಹಾಕಿ. ನಾನು ಬಳಸುವುದು ಇಟ್ಟಿಗೆ ಚೂರು. ಒಡೆದು ಜರಡಿ ಹಿಡಿದು, 3ರಿಂದ 5 ಮಿಲಿಮೀಟರ್ ಗಾತ್ರದ್ದನ್ನು ಇಟ್ಟುಕೊಂಡು, ಪುಡಿಯನ್ನು ಎಸೆಯುತ್ತೇನೆ. ಆ ಪುಡಿಯೇ ತೂತು ಮುಚ್ಚಿ ಅರ್ಧ ತೊಂದರೆ ತರುವುದು. ಮೂರು ಪಾಲು ಇಟ್ಟಿಗೆ ಚೂರಿಗೆ ಒಂದು ಪಾಲು ಎರೆಗೊಬ್ಬರ ಅಥವಾ ಎಲೆಗೊಬ್ಬರ. ಕೊಳೆತ ಗಿಡಕ್ಕೆ ಮಾತ್ರ ಆ ಒಂದು ಪಾಲೂ ಬೇಡ. ನೆರಳಲ್ಲಿಟ್ಟು, ಹೊಸ ಚಿಗುರು ಬಲಿಯುವವರೆಗೆ ಗೊಬ್ಬರದ ಮಾತೇ ಎತ್ತಬೇಡಿ.

ಇದಕ್ಕೆ ಉಲ್ಟಾ ಒಂದಿದೆ. ದಿನಾ ನೀರು ಹಾಕುತ್ತೀರಿ, ತಳದಿಂದ ನೀರು ಹರಿದೂ ಬರುತ್ತದೆ, ಆದರೂ ಎಲೆ ಅಂಚು ಒಣಗಿ ಗರಿಗರಿ. ಕೊಕೊಪೀಟ್ ಜಾಸ್ತಿ ಇರುವ ಕುಂಡ ಒಮ್ಮೆ ಪೂರ್ತಿ ಒಣಗಿದರೆ ನೀರನ್ನು ಕುಡಿಯುವುದಿಲ್ಲ. ಮಣ್ಣು ಕುಗ್ಗಿ ಗೋಡೆಯಿಂದ ಬಿಟ್ಟುಕೊಂಡಿರುತ್ತದೆ, ನೀರು ಆ ಸಂದಿಯಲ್ಲಿ ಇಳಿದು ಹೋಗುತ್ತದೆ. ಬಕೆಟ್‌ನಲ್ಲಿ ನೀರು ತುಂಬಿ ಕುಂಡವನ್ನು ಮುಳುಗಿಸಿ. ಗುಳ್ಳೆ ಬರುವುದು ನಿಲ್ಲುವವರೆಗೆ ಇಟ್ಟು ತೆಗೆಯಿರಿ. ಊರಿಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದವರು ಇದನ್ನು ಮೊದಲು ಮಾಡಬೇಕು.

ಈಗ ಹಳೆಯ ಎಲೆ, ಹೊಸ ಎಲೆಯ ಲೆಕ್ಕ. ತುದಿಯ ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಬಲೆಯ ಹಾಗೆ ಉಳಿದಿದ್ದರೆ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ. ಎಷ್ಟೋ ಸಲ ಮಣ್ಣಲ್ಲಿ ಕಬ್ಬಿಣ ಇರುತ್ತದೆ, ಗಡಸು ನೀರು ಮಣ್ಣನ್ನು ಕ್ಷಾರ ಮಾಡಿ ಅದು ಬೇರಿಗೆ ಸಿಗದ ಹಾಗೆ ಮಾಡಿರುತ್ತದೆ. ಕುಂಡದ ಅಂಚಲ್ಲಿ ಬಿಳಿ ಉಪ್ಪಿನ ಗೆರೆ ಇದೆಯಾ ನೋಡಿ. ಬೋರ್ ನೀರು, ಟ್ಯಾಂಕರ್ ನೀರು ಬರುವ ಸೊಸೈಟಿಗಳಲ್ಲಿ ಇದು ತೀರಾ ಸಾಮಾನ್ಯ. ಚೀಲೇಟೆಡ್ ಕಬ್ಬಿಣ, ಅಂದರೆ ಬೇರಿಗೆ ಸುಲಭವಾಗಿ ಸಿಗುವ ರೂಪದ ಕಬ್ಬಿಣ, ಕೊಟ್ಟರೆ ಹೊಸ ಎಲೆ ಹಸಿರಾಗುತ್ತದೆ, ಆದರೆ ನೀರು ಬದಲಾಗದಿದ್ದರೆ ಮತ್ತೆ ಬರುತ್ತದೆ. ಮಳೆಗಾಲದಲ್ಲಿ ಡ್ರಮ್ಮು ಇಟ್ಟು ಮಳೆನೀರು ಹಿಡಿಯಿರಿ, ಸೊಳ್ಳೆ ಬಾರದ ಹಾಗೆ ಬಟ್ಟೆ ಕಟ್ಟಿ. ಉಳಿದ ಕಾಲಕ್ಕೆ ಪೂರ್ತಿ ಸಾಲದು, ಆದರೂ ಒಂದೆರಡು ಎಲ್ಮ್‌ಗೆ ಬೇಸಿಗೆಯ ಸ್ವಲ್ಪ ದಿನದವರೆಗೆ ಬರುತ್ತದೆ.

ಕೆಳಗಿನ ಹಳೆಯ ಎಲೆ ನರ ಸಮೇತ ಹಳದಿಯಾಗಿ, ಗಿಡವೆಲ್ಲ ಪೇಲವವಾಗಿದ್ದರೆ ಸಾರಜನಕ ಕಮ್ಮಿ. ಸಣ್ಣ ಕುಂಡಕ್ಕೆ ದಿನಾ ನೀರು ಹಾಕಿದಾಗ ಗೊಬ್ಬರ ತೊಳೆದು ಹೋಗುವುದು ಸಹಜ. ಈಗ ಗೊಬ್ಬರ ಹಾಕಿ, ಇದು ಅದರ ಹೊತ್ತು.

ಬೆಳಕಿನ ಕೊರತೆ ನಿಧಾನಕ್ಕೆ ಕಾಣಿಸುತ್ತದೆ. ಗೆಣ್ಣಿನ ನಡುವೆ ಅಂತರ ಉದ್ದ, ಎಲೆ ದೊಡ್ಡದು ತೆಳ್ಳಗೆ, ಒಳಗಿನ ಸಣ್ಣ ರೆಂಬೆ ಒಂದೊಂದಾಗಿ ಒಣಗುವುದು. ಉತ್ತರ ಮುಖದ ಬಾಲ್ಕನಿಗೆ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ನೇರ ಬಿಸಿಲು ಬೀಳುವುದೇ ಇಲ್ಲ. ಜೂನ್‌ನಲ್ಲಿ ಚೆನ್ನಾಗಿದ್ದ ಗಿಡ ನವೆಂಬರ್‌ನಲ್ಲಿ ಯಾಕೆ ಸೊರಗಿತು ಅನ್ನುವವರು ಮನೆಯ ದಿಕ್ಕು ನೋಡಬೇಕು.

ಒಂದೇ ವಾರದಲ್ಲಿ ಎಲ್ಲ ಎಲೆಯೂ ಉದುರಿದರೆ

ಇದು ನನಗೆ ಆದದ್ದು. ಎಂಟು ವರ್ಷದ ಗಿಡ, ನಾನೇ ಕಡ್ಡಿಯಿಂದ ಎಬ್ಬಿಸಿದ್ದು. ಚಿಗುರಿಗೆ ಹೇನು ಬಂದಿತ್ತು. ಅಂಗಡಿಯಲ್ಲಿ ಕೇಳಿದಾಗ ಗಿಡದೊಳಗೆ ಇಳಿದು ಕೆಲಸ ಮಾಡುವ ಕೀಟನಾಶಕ ಕೊಟ್ಟರು, ಎಲ್ಲ ಗಿಡಕ್ಕೂ ಆಗುತ್ತದೆ ಅಂದರು. ಸಂಜೆ ಹೊಡೆದೆ. ಮೂರನೆಯ ದಿನ ಕುಂಡ ಮುಟ್ಟಿದರೆ ಸಾಕು, ಹಸಿರು ಎಲೆಗಳು ಉದುರಿ ಟೆರೇಸಿನ ಮೇಲೆ ಬೀಳತೊಡಗಿದವು. ಬಾಡಿರಲಿಲ್ಲ, ಹಳದಿಯಾಗಿರಲಿಲ್ಲ. ಆರನೆಯ ದಿನಕ್ಕೆ ಒಂದೂ ಉಳಿಯಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಚೈನೀಸ್ ಎಲ್ಮ್‌ಗೆ ಅಂಥ ಕೆಲವು ಔಷಧಿ ಆಗಿಬರುವುದಿಲ್ಲ. ಎಲೆ ಉದುರಿಸಿಬಿಡುತ್ತದೆ. ಹಸಿರಾಗಿರುವಾಗಲೇ, ಔಷಧಿ ಹೊಡೆದ ಕೆಲವೇ ದಿನದಲ್ಲಿ ಉದುರಿದರೆ ಕಾರಣ ಅದೇ ಅಂದುಕೊಳ್ಳಿ. ಇನ್ನೊಂದು ಔಷಧಿ ಹಾಕಿ ಸರಿ ಮಾಡಲು ಹೋಗಬೇಡಿ. ಎಲೆಯಿಲ್ಲದ ಗಿಡ ನೀರು ಕುಡಿಯುವುದು ತೀರಾ ಕಮ್ಮಿ, ಹಾಗಾಗಿ ದಿನದ ಅಭ್ಯಾಸಕ್ಕೆ ನೀರು ಸುರಿದರೆ ಎಲೆ ಹೋದ ಗಿಡದ ಬೇರೂ ಹೋಗುತ್ತದೆ. ಊದಿನಕಡ್ಡಿ ಚುಚ್ಚಿ ನೋಡಿಯೇ ನೀರು ಕೊಡಿ. ನನ್ನದು ಮೂರು ವಾರಕ್ಕೆ ಮೊಗ್ಗು ಒಡೆಯಿತು.

ಹೇನಿಗೆ, ಹಿಟ್ಟು ತಿಗಣೆಗೆ ಜೋರಾದ ನೀರು ಮತ್ತು ತೆಳು ಸೋಪಿನ ನೀರು ಸಾಕಾಗುತ್ತದೆ. ಬೇವಿನ ಎಣ್ಣೆ ಆದರೆ ಸಂಜೆ ಮಾತ್ರ, ಮೊದಲು ಒಂದೇ ರೆಂಬೆಗೆ ಹೊಡೆದು ಎರಡು ದಿನ ನೋಡಿ. ಬಿಸಿಲಲ್ಲಿ ಎಲೆ ಸುಡುತ್ತದೆ. ಬೇಸಿಗೆಯಲ್ಲಿ ಎಲೆಯ ಮೇಲೆ ಬೂದಿ ಉದುರಿದ ಹಾಗೆ ಸಣ್ಣ ಸಣ್ಣ ಬಿಳಿಚಿದ ಚುಕ್ಕೆ ಬಂದರೆ ಬಿಳಿ ಕಾಗದ ಕೆಳಗೆ ಹಿಡಿದು ರೆಂಬೆ ಕೊಡವಿ. ಚುಕ್ಕೆ ನಡೆದಾಡಿದರೆ ಅದು ನುಸಿ. ಎಲೆಯ ಹಿಂಭಾಗಕ್ಕೆ ದಿನಾ ನೀರು ಚಿಮುಕಿಸಿ. ಮಳೆಗಾಲದ ಕಪ್ಪು ಚುಕ್ಕೆ ಬೇರೆ, ಅದು ಶಿಲೀಂಧ್ರ. ಮುಂಬೈಯಲ್ಲಿ, ಗೋವಾದಲ್ಲಿ ಇದು ಜಾಸ್ತಿ. ಚುಕ್ಕೆ ಬಂದ ಎಲೆ ಕಿತ್ತು ಎಸೆಯಿರಿ, ಬಿದ್ದದ್ದನ್ನು ಕುಂಡದಲ್ಲಿ ಬಿಡಬೇಡಿ, ಗಿಡಗಳ ನಡುವೆ ಗಾಳಿ ಆಡಲಿ.

ಗಿಡ ಗಟ್ಟಿಯಾಗಿದೆ, ಆಕಾರ ಬರುತ್ತಿಲ್ಲ

ಐದು ವರ್ಷ ಆಯಿತು, ಕಾಂಡ ಇನ್ನೂ ಪೆನ್ಸಿಲ್ ದಪ್ಪ ಅನ್ನುತ್ತಾರೆ. ಕೇಳಿದರೆ, ಬೇರು ಬಂದ ವರ್ಷವೇ ಚೆಂದದ ಆಳವಿಲ್ಲದ ಟ್ರೇಗೆ ಹಾಕಿ, ತಿಂಗಳಿಗೊಮ್ಮೆ ಕತ್ತರಿಸುತ್ತಿದ್ದಾರೆ. ಕಾಂಡ ದಪ್ಪವಾಗುವುದು ಎಲೆಯಿಂದ. ಬೆಳೆಯಲು ಬಿಡದೆ ದಪ್ಪವಾಗು ಅಂದರೆ ಆಗುತ್ತದೆಯೇ? ಎರಡು ಮೂರು ವರ್ಷ ದೊಡ್ಡ ಕುಂಡದಲ್ಲಿ ಸುಮ್ನೆ ಬಿಡಿ. ಕೆಳಗಿನ ಒಂದು ರೆಂಬೆಯನ್ನು ಮುಟ್ಟದೆ ಉದ್ದ ಹೋಗಲು ಬಿಟ್ಟರೆ ಬುಡ ಬೇಗ ದಪ್ಪವಾಗುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ತೆಗೆದುಹಾಕಿ.

ರೆಂಬೆ ಬಗ್ಗಿಸಲು ಸುತ್ತುವ ತಂತಿಯ ಗಾಯ ಎಲ್ಮ್‌ಗೆ ಬೇಗ ಆಗುತ್ತದೆ. ಜೂನ್‌ನಲ್ಲಿ ಸುತ್ತಿ ಗಣಪತಿ ಹಬ್ಬಕ್ಕೆ ಬಿಚ್ಚಿದರಾಯಿತು ಅಂದುಕೊಂಡಿರಿ, ಅಷ್ಟರಲ್ಲಿ ತೊಗಟೆ ತಂತಿಯನ್ನು ನುಂಗಿರುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ನೋಡಬೇಕು. ಒತ್ತಲು ಶುರುವಾದರೆ ಬಿಚ್ಚುವುದು ಬೇಡ, ಒಂದೊಂದು ಸುತ್ತನ್ನೂ ಕತ್ತರಿಸಿ ತೆಗೆಯಿರಿ. ಬಿಚ್ಚಲು ತಿರುಗಿಸುವಾಗಲೇ ರೆಂಬೆ ಮುರಿಯುವುದು. ತಂತಿಯೇ ಬೇಡ ಅನ್ನುವವರಿಗೆ ಚೀನಾದ ಗ್ವಾಂಗ್‌ಡಾಂಗ್ ಕಡೆಯ ಲಿಂಗ್ನಾನ್ ಪದ್ಧತಿ ಇದೆ. ಬೆಳೆಸುವುದು, ಕತ್ತರಿಸುವುದು, ಅಷ್ಟೇ. ಬೇಕಾದ ದಿಕ್ಕಿಗೆ ಮುಖ ಮಾಡಿದ ಮೊಗ್ಗಿನ ಮೇಲೆ ಕತ್ತರಿಸಿದರೆ ರೆಂಬೆ ಆ ಕಡೆ ತಿರುಗುತ್ತದೆ. ಎಲ್ಮ್ ಇದಕ್ಕೆ ಹೇಳಿ ಮಾಡಿಸಿದ ಗಿಡ, ನನಗೆ ತಂತಿಗಿಂತ ಇದೇ ಇಷ್ಟ. ಚಿಗುರು ಏಳೆಂಟು ಎಲೆ ಬಿಟ್ಟ ಮೇಲೆ ಎರಡು ಎಲೆಗೆ ಕತ್ತರಿಸಿ.

ಕತ್ತರಿಸಿದ ಜಾಗದಲ್ಲಿ ಎಲ್ಮ್ ಐದಾರು ಚಿಗುರು ಒಟ್ಟಿಗೆ ಬಿಡುತ್ತದೆ. ನೋಡಲು ಸಂತೋಷ, ಆದರೆ ಎಲ್ಲವನ್ನೂ ಬಿಟ್ಟರೆ ಅಲ್ಲಿ ಗಂಟು ಊದಿಕೊಂಡು ಬುಡಕ್ಕಿಂತ ಮೇಲೆ ದಪ್ಪವಾಗುತ್ತದೆ. ಎಳೆಯದಿರುವಾಗಲೇ ಹೆಬ್ಬೆರಳಲ್ಲಿ ಉಜ್ಜಿ ತೆಗೆದು ಎರಡನ್ನು ಉಳಿಸಿ. ಮೇಲಿನ ತುದಿ ಸೊಂಪಾಗಿ ಕೆಳಗಿನ ರೆಂಬೆ ಒಣಗುತ್ತಿದ್ದರೆ ಮೇಲೆ ಜಾಸ್ತಿ ಕತ್ತರಿಸಿ, ಕೆಳಗಿನದನ್ನು ಬೆಳೆಯಲು ಬಿಡಿ.

ಸತ್ತಿದೆಯೋ ಬದುಕಿದೆಯೋ

ಬೋಳು ಗಿಡವನ್ನು ಎಸೆಯುವ ಮೊದಲು ಉಗುರಿನಿಂದ ತೊಗಟೆಯನ್ನು ಅಕ್ಕಿಕಾಳಿನಷ್ಟು ಕೆರೆಯಿರಿ. ತುದಿಯಿಂದ ಶುರು ಮಾಡಿ ಕೆಳಗೆ ಬನ್ನಿ. ಕೆಳಗೆ ಒದ್ದೆ ಹಸಿರು ಕಂಡರೆ ಅಲ್ಲಿಯವರೆಗೆ ಜೀವ ಇದೆ. ಕಂದು, ಒಣ ಕಂಡರೆ ಅಷ್ಟು ಭಾಗ ಹೋಗಿದೆ. ಹಸಿರು ಸಿಕ್ಕ ಜಾಗದಿಂದ ಒಂದು ಸೆಂಟಿಮೀಟರ್ ಮೇಲೆ ಕತ್ತರಿಸಿ, ನೆರಳಲ್ಲಿಡಿ. ಕಾಂಡ ಪೂರ್ತಿ ಒಣಗಿದ್ದರೂ ಬೇರು ಅಗೆದು ನೋಡಿ. ಗಟ್ಟಿಯಾದ ದಪ್ಪ ಬೇರು ಸಿಕ್ಕರೆ ಬೆರಳುದ್ದ ಕತ್ತರಿಸಿ, ಕಾಂಡದ ಕಡೆ ಇದ್ದ ತುದಿ ಮಣ್ಣಿನ ಮೇಲೆ ಒಂದು ಸೆಂಟಿಮೀಟರ್ ಕಾಣುವ ಹಾಗೆ ನೆಡಿ. ಎಲ್ಮ್ ಬೇರಿನ ತುಂಡಿನಿಂದಲೂ ಚಿಗುರುತ್ತದೆ.

ವಾರ್ಜೆಯ ಹುಡುಗ ಆ ದಿನ ಉಳಿದ ನಾಲ್ಕು ಕಡ್ಡಿಗಳ ಎಲೆ ಚಿವುಟಿ, ಮತ್ತೆ ಚೀಲ ಮುಚ್ಚಿದ. ಆಗಸ್ಟ್ ಕೊನೆಯಲ್ಲಿ ಒಂದು ಫೋಟೋ ಕಳಿಸಿದ. ಚಹಾ ಲೋಟದ ಗಾತ್ರದ ಪ್ಲಾಸ್ಟಿಕ್ ಕಪ್, ಅದರ ಗೋಡೆಗೆ ಒಳಗಿನಿಂದ ಒತ್ತಿಕೊಂಡ ಎರಡು ಬಿಳಿ ಬೇರು. ಎಲೆಯ ಫೋಟೋ ತೆಗೆದೇ ಇರಲಿಲ್ಲ.